ಹಲಗೆ ಹೊತ್ತೊಯ್ದ ಬೀಗಿತ್ತಿ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಭೂಮಧ್ಯರೇಖೆಯ ಕೆಳಗಿನ ಈ ನಾಡಿನಲ್ಲಿ ಜೂನ್ ಎಂದರೆ ಚಳಿಗಾಲ; ಕೈಪಂಪಿನ ಹಿಡಿ ಮುಟ್ಟಿದರೆ ಬೆರಳು ಮರಗಟ್ಟುತ್ತದೆ. ಚಿಕಾಂಡ್ವೆ ಊರಿನ ಹೆಂಗಸರು ಬಕೆಟ್ಟುಗಳನ್ನು ಸಾಲಿಗಿಟ್ಟು, ಹೊದ್ದ ಬಟ್ಟೆಯನ್ನು ಇನ್ನೊಂದು ಸುತ್ತು ಬಿಗಿದುಕೊಂಡು ನಿಂತಿದ್ದಾರೆ. ಪಕ್ಕದಲ್ಲೇ, ಇಟ್ಟಿಗೆ ಗೋಡೆಯ ಪುಟ್ಟ ಚರ್ಚಿನ ಮುಂದೆ, ಐವತ್ತಾರು ವರ್ಷದ ಫೆಲಿಸ್ತಾ ಕಪೆಂಬ್ವಾ ಸೈಕಲ್ಲಿನ ಹಿಂದಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದಾರೆ.

"ಏನಮ್ಮಾ ಬೆಂಬಾ, ರಾತ್ರಿ ಕೋತಿ ಊಟ ಜೋರಾಗಿತ್ತಾ? ಬೆಳಬೆಳಗ್ಗೆ ಇಷ್ಟೊಂದು ಶಕ್ತಿ ಎಲ್ಲಿಂದ ಬಂತು?" ಸಾಲಿನಿಂದ ಒಬ್ಬಳು ಕೂಗುತ್ತಾಳೆ.

ಫೆಲಿಸ್ತಾ ತಲೆ ಎತ್ತುವುದಿಲ್ಲ. "ನಿಮ್ಮೂರಲ್ಲಿ ಕೋತಿ ಎಲ್ಲಿ ಸಿಗತ್ತೆ ತಾಯಿ? ಇಲಿಗಳಿಗೆ ನೀವು ಕೊಟ್ಟ ಗತಿ ನೋಡಿ ಅವು ಗಂಟುಮೂಟೆ ಕಟ್ಕೊಂಡು ಓಡಿಹೋದ್ವು."

ಬೆಂಬಾಗಳು ಕೋತಿ ತಿನ್ನುವವರು, ಎಂಗೋನಿಗಳು ಇಲಿ ತಿನ್ನುವವರು ಎಂಬುದು ಇಲ್ಲಿನ ಹಳೆಯ ಕೀಟಲೆ. ಸಾಲಿಗೆ ಸಾಲೇ ನಗುತ್ತದೆ. ಇಪ್ಪತ್ತೆರಡು ವರ್ಷಗಳಿಂದ ಈ ಊರಿನ ಬೆಳಗು ಹೀಗೇ ಆಗುತ್ತಿದೆ.

ಈ ಊರಿನವರ ಹಾಗೆ ನಾನೂ ಎಂಗೋನಿ ಕುಲದವನೇ. ಹಾಗಾಗಿ ಪತ್ರಿಕೆಗೆ ಬರೆಯುತ್ತಿರುವ ಈ ಬರಹದಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಮುತ್ತಜ್ಜಂದಿರು ಬೆಂಬಾಗಳ ಜೊತೆ ಈಟಿ ಹಿಡಿದು ಹೊಡೆದಾಡಿದರು. ಹೊಡೆದಾಡಿ ಹೊಡೆದಾಡಿ ಸುಸ್ತಾಗಿ, ಕೊನೆಗೆ ಬೀಗರಾದರು. ಅಂದಿನಿಂದ ಎರಡು ಕುಲಗಳ ನಡುವೆ ಇರುವುದು ಬೀಗರ ಸಲಿಗೆ. ಏನು ಬೇಕಾದರೂ ಅನ್ನಬಹುದು. ಮನೆಯಿಂದ ಏನು ಬೇಕಾದರೂ ಎತ್ತಿಕೊಂಡು ಹೋಗಬಹುದು. ಅನ್ನಿಸಿಕೊಂಡವರೂ ಕಳೆದುಕೊಂಡವರೂ ಸಿಟ್ಟಾಗುವಂತಿಲ್ಲ. ಸಿಟ್ಟಾದವನು ಊರಲ್ಲಿ ತಲೆ ಎತ್ತಿ ತಿರುಗುವಂತಿಲ್ಲ. ಮಂತ್ರಿಯಿಂದ ಹಿಡಿದು ಬಸ್ಸಿನ ಕಂಡಕ್ಟರ್‌ವರೆಗೆ ಎಲ್ಲರಿಗೂ ಇದೇ ಕಟ್ಟಳೆ.

ಇಂಥ ಬೀಗರ ಊರಿಗೆ ಫೆಲಿಸ್ತಾರನ್ನು ಅವರ ಚರ್ಚಿನ ಸಭೆಯವರು ಮಿಷನರಿ ಮಾಡಿ ಕಳಿಸಿದಾಗ ಅವರಿಗೆ ಮೂವತ್ನಾಲ್ಕು. ಅವರ ಹುಟ್ಟೂರು ಉತ್ತರದ ಎಂಪಿಕಾ ಕಡೆ. ತಂದೆ ರೈಲ್ವೆ ಗೇಟು ಕಾಯುತ್ತಿದ್ದವರು. "ಮಿಷನರಿ ಬರ್ತಾರೆ ಅಂದಾಗ ನಾವೆಲ್ಲ ಬಿಳೀ ಮುಖ, ಜೀಪು, ಬಿಸ್ಕತ್ತು ಅಂತ ಕಾಯ್ತಾ ಇದ್ವಿ," ಎನ್ನುತ್ತಾರೆ ಬಡಗಿ ಮಾಯೆಸೊ. "ಬಂದಿದ್ದು ಸೈಕಲ್ ತಳ್ಕೊಂಡು ಒಬ್ಬಳು ಬೆಂಬಾ. ಅದೂ ಪಂಕ್ಚರ್ ಆದ ಸೈಕಲ್ಲು!"

ಬಂದ ತಿಂಗಳಲ್ಲೇ ಫೆಲಿಸ್ತಾ ಒಂದು ದೊಡ್ಡ ತಪ್ಪು ಮಾಡಿದರು. ಪಕ್ಕದ ಊರಲ್ಲಿ ಒಬ್ಬ ಹಿರಿಯರು ತೀರಿಕೊಂಡಿದ್ದರು. ಇವರು ಹೋಗಿ, ಕಲಿತುಬಂದ ಪ್ರಾರ್ಥನೆಗಳನ್ನೆಲ್ಲ ಗಂಭೀರವಾಗಿ ಹೇಳಿ, ವಿಧವೆಯ ಕೈ ಹಿಡಿದು ಗಳಗಳನೆ ಅತ್ತು ಬಂದರು. ಮರುದಿನದಿಂದ ಆ ಮನೆಯವರು ಮಾತು ಬಿಟ್ಟರು. ವಾರ ಕಳೆದ ಮೇಲೆ ಒಬ್ಬ ಮುದುಕಿ ಕರೆದು ಬೈದಳಂತೆ: "ಬೀಗಿತ್ತಿ ಬಂದ್ಲು, ನಮ್ಮ ದುಃಖ ಇಳಿಸ್ತಾಳೆ ಅಂದ್ಕೊಂಡ್ರೆ, ದಾರಿಹೋಕಳ ಥರ ಅತ್ತು ಹೋದೆಯಲ್ಲೇ! ನಾವು ನಿನಗೆ ಅಷ್ಟು ದೂರದವರಾ?"

ಸಾವಿನ ಮನೆಯಲ್ಲಿ ಬೀಗರು ಅಳಬಾರದು, ಅಣಕಿಸಬೇಕು; ಇದು ಬೆಂಬಾ ಮನೆಯಲ್ಲಿ ಹುಟ್ಟಿದ ಫೆಲಿಸ್ತಾಗೆ ಗೊತ್ತಿರಲಿಲ್ಲವೇ? "ಗೊತ್ತಿತ್ತು. ಆದ್ರೆ ಮಿಷನರಿ ಅಂದ್ಮೇಲೆ ಮುಖ ಗಂಟು ಹಾಕ್ಕೊಂಡಿರಬೇಕು ಅಂದ್ಕೊಂಡಿದ್ದೆ," ಎಂದು ಇವತ್ತಿಗೂ ನಾಚಿಕೊಳ್ಳುತ್ತಾರೆ. ಮುಂದಿನ ಸಾವಿಗೆ ಸತ್ತವರ ಟೋಪಿ ಹಾಕಿಕೊಂಡು, ಅವರದೇ ಕೋಲು ಹಿಡಿದು, ಅವರು ಹೆಂಡತಿಯನ್ನು ಚಹಾಕ್ಕೆ ಕೂಗುತ್ತಿದ್ದ ಹಾಗೇ ಕೂಗಿದರು. ವಿಧವೆ ನಕ್ಕು ನಕ್ಕು ನೆಲಕ್ಕೆ ಕೂತಳು, ಆಮೇಲೆ ಮನಸಾರೆ ಅತ್ತಳು. ಪ್ರಾರ್ಥನೆ ಮಾಡಿದ್ದು ಅದಾದ ಮೇಲೆ.

ಈಗ ಇವರ ಪಾಲಿಗೆ ಏಳು ಊರು. ದಿನಕ್ಕೆ ಮೂವತ್ತು ಕಿಲೋಮೀಟರ್‌ಗೆ ಕಡಿಮೆಯಿಲ್ಲದ ತುಳಿತ. ಇದು ಮೂರನೆಯ ಸೈಕಲ್ಲು. ಅಕ್ಷರ ಕಲಿಯುವ ಹೆಂಗಸರ ಎರಡು ತರಗತಿ, ಶುಕ್ರವಾರ ಹಾಡಿನ ಅಭ್ಯಾಸ, ಭಾನುವಾರ ಚರ್ಚಿನಲ್ಲಿ ಹನ್ನೆರಡು ನಿಮಿಷದ ಧರ್ಮಪ್ರಸಂಗ. ಹನ್ನೆರಡೇ ಏಕೆಂದರೆ ಹದಿಮೂರನೆಯದಕ್ಕೆ ಹಿಂದಿನಿಂದ ಯಾರಾದರೂ ಗೊರಕೆ ಹೊಡೆದು ತೋರಿಸುತ್ತಾರೆ. ಇವೆಲ್ಲದರ ಜೊತೆಗೆ ಹದಿನಾರು ಮಂದಿ ರೋಗಿಗಳು. ಆಸ್ಪತ್ರೆ ದೂರ, ನರ್ಸು ಕೊಟ್ಟ ಮಾತ್ರೆಗಳನ್ನು ಹಳೆಯ ಚಹಾ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ಎದುರಿಗೆ ನಿಂತು ನುಂಗಿಸಿ ಬರುವುದು ಇವರ ಕೆಲಸ.

ಈ ಸೋಮವಾರ ಡಬ್ಬಿ ಗಲಗಲ ಅನ್ನುತ್ತಿದೆ. ಒಂಬತ್ತು ದಿನದ ಮಾತ್ರೆ ಹಾಗೇ ಉಳಿದಿವೆ. ಎಲ್ಲವೂ ಯೆಲೆಮಿಯಾ ಶಾವಾ ಅಜ್ಜನ ಪಾಲಿನವು.

ಅಜ್ಜನಿಗೆ ಎಂಬತ್ಮೂರು. ಕ್ಷಯ. ಆರು ತಿಂಗಳ ಮಾತ್ರೆಯಲ್ಲಿ ನಾಲ್ಕು ತಿಂಗಳದು ಮುಗಿದಿದೆ, ಕೆಮ್ಮು ನಿಂತಿದೆ. ಆದರೆ ಒಂದು ಬೆಳಿಗ್ಗೆ ಎದ್ದು ಸಾಕು ಅಂದುಬಿಟ್ಟಿದ್ದಾರೆ. ಹೀಗೇ ಬಿಟ್ಟರೆ ರೋಗ ಮತ್ತೆ ಏಳುತ್ತದೆ, ಈ ವಯಸ್ಸಿನಲ್ಲಿ ಎರಡನೇ ಸಲ ತಡೆಯುವುದು ಕಷ್ಟ ಎಂದು ನರ್ಸು ಹೇಳಿ ಕಳಿಸಿದ್ದಾಳೆ.

ನಾವು ಹೋದಾಗ ಅಜ್ಜ ಮನೆ ಮುಂದೆ ಎಳೆಬಿಸಿಲಿಗೆ ಚಾಪೆ ಹಾಕಿಸಿಕೊಂಡು ಮಲಗಿದ್ದಾರೆ. ಪಕ್ಕದಲ್ಲಿ ಜೋಳದ ಗಂಜಿ ಮುಟ್ಟದೆ ಆರಿದೆ.

"ಬಂದ್ಯಾ ಬೀಗಿತ್ತಿ? ಆ ಡಬ್ಬಿ ಆಚೆ ಇಡು. ಅದರ ಸದ್ದು ಕೇಳಿದ್ರೇ ಹೊಟ್ಟೆ ತೊಳಸತ್ತೆ."

"ನುಂಗಿಬಿಡಿ ಬೀಗ್ರೇ, ಸದ್ದು ನಿಲ್ಲತ್ತೆ."

"ಸುಮ್ನಿರೇ. ನನ್ನದೆಲ್ಲಾ ಸಿದ್ಧವಾಗಿದೆ." ಅಜ್ಜ ಮಲಗಿದಲ್ಲಿಂದಲೇ ಕಣಜದ ಕಡೆ ಕೈ ತೋರಿಸುತ್ತಾರೆ. ಕಾಲುಗಳ ಮೇಲೆ ನಿಂತ ಕಣಜದ ಅಡಿಯಲ್ಲಿ ಆರು ಹಲಗೆ. ಮುಕ್ವಾ ಮರ, ಕೆಂಪಗೆ, ಗೆದ್ದಲು ಸೋಕದ ಹಾಗೆ ಕಲ್ಲಿನ ಮೇಲೆ ಜೋಡಿಸಿಟ್ಟದ್ದು. "ನನ್ನ ಹೆಂಡ್ತಿ ಹೋದಾಗ ಪೆಟ್ಟಿಗೆಗೆ ಮೂರು ದಿನ ಕಾದ್ವಿ. ನನಗೆ ಆ ಗತಿ ಬೇಡ ಅಂತ ಅವತ್ತೇ ಮರ ಕಡಿಸಿ, ಕೊಯ್ಸಿ, ಎರಡು ವರ್ಷ ನೆರಳಲ್ಲಿ ಒಣಗಿಸಿದೀನಿ. ಮುಟ್ಟಿ ನೋಡು, ಗಂಟೆ ಥರ ಸದ್ದು ಬರತ್ತೆ. ಇನ್ನು ಮಾಯೆಸೊ ಬಂದು ಮೊಳೆ ಹೊಡೆದ್ರೆ ಆಯ್ತು. ಎಲ್ಲಾ ಇಟ್ಕೊಂಡು ಸುಮ್ನೆ ಯಾಕೆ ಕೂರಲಿ?"

ಮಗಳು ವೆಲೊನಿಕಾ ಮನೆಯ ಹಿಂದೆ ಹೋಗಿ ಅಳುತ್ತಾಳೆ. "ಬೆಳಗ್ಗೆ ಸಂಜೆ ಆ ಹಲಗೆ ಒರೆಸಿಸ್ತಾರೆ ಅಕ್ಕಾ. ನನ್ನ ಕೈಲಿ ಆಗಲ್ಲ. ನನ್ನಪ್ಪನ ಪೆಟ್ಟಿಗೆ ನಾನೇ ಒರೆಸಬೇಕಾ?"

ಫೆಲಿಸ್ತಾ ಅವಳ ಬೆನ್ನು ಸವರುತ್ತಾರೆ. ಹಿಂದಿರುಗುವ ದಾರಿಯಲ್ಲಿ ತೊರೆ ದಾಟುವಾಗ ಸೈಕಲ್ಲಿಂದ ಇಳಿದು ಹೇಳುತ್ತಾರೆ: "ಮುದುಕ ಪ್ರಯಾಣಕ್ಕೆ ಗಂಟು ಕಟ್ಟಿ ಬಾಗಿಲಲ್ಲಿ ಇಟ್ಕೊಂಡಿದಾನೆ. ಕಣ್ಮುಂದೆ ಗಂಟು ಇದ್ರೆ ಯಾರಿಗಾದ್ರೂ ಹೊರಡೋ ಮನಸ್ಸೇ ಬರೋದು."

ಬುಧವಾರ ಬೆಳಿಗ್ಗೆ ಮಾಯೆಸೊ ಅವರ ಎತ್ತಿನ ಗಾಡಿ ಅಜ್ಜನ ಅಂಗಳಕ್ಕೆ ಬರುತ್ತದೆ. ಗಾಡಿಯ ಮೇಲೆ ಫೆಲಿಸ್ತಾ, ಭಾನುವಾರದ ಬಿಳಿ ರವಿಕೆ ತೊಟ್ಟು, ಗಟ್ಟಿಯಾಗಿ ಬೆಂಬಾ ಮದುವೆ ಹಾಡು ಹಾಡುತ್ತಿದ್ದಾರೆ. ಇಳಿದವರೇ ನೇರ ಕಣಜದ ಅಡಿಗೆ ಹೋಗಿ ಮೊದಲ ಹಲಗೆಯನ್ನು ತಲೆಯ ಮೇಲೆ ಹೊರುತ್ತಾರೆ.

"ಏಯ್! ಏಯ್! ಏನೇ ಅದು?" ಅಜ್ಜ ಚಾಪೆಯ ಮೇಲೆ ಎದ್ದು ಕೂರುತ್ತಾರೆ. ಮಾತ್ರೆ ಬಿಟ್ಟ ಮೇಲೆ ಅವರು ತಾವಾಗಿ ಎದ್ದು ಕೂತದ್ದು ಇದೇ ಮೊದಲು.

"ಬೀಗರ ಮನೆಗೆ ಬಂದಿದೀನಿ. ನನಗೆ ಇಷ್ಟವಾದದ್ದು ತಗೊಂಡು ಹೋಗ್ತಾ ಇದೀನಿ."

"ಕೋಳಿ ತಗೊಳೇ! ಮೇಕೆ ತಗೋ! ಅದು ನನ್ನ ಪೆಟ್ಟಿಗೆ ಕಣೇ!"

"ಪೆಟ್ಟಿಗೆ ಎಲ್ಲಿದೆ? ಇದು ಹಲಗೆ. ನನ್ನ ಚರ್ಚಲ್ಲಿ ಬೆಂಚಿಲ್ಲ."

ಅಷ್ಟರಲ್ಲಿ ಅಂಗಳದ ತುಂಬ ಜನ. ಹೆಂಗಸರು ಕೇಕೆ ಹಾಕುತ್ತಾರೆ. ಎರಡು, ಮೂರು, ನಾಲ್ಕು ಹಲಗೆ ಗಾಡಿ ಹತ್ತುತ್ತವೆ. ಅಜ್ಜನ ಗಡ್ಡ ನಡುಗುತ್ತಿದೆ.

ಫೆಲಿಸ್ತಾ ಹತ್ತಿರ ಬಂದು ಬಗ್ಗಿ ಮುಖ ನೋಡುತ್ತಾರೆ. "ಯಾಕೆ ಬೀಗ್ರೇ, ಸಿಟ್ಟು ಬಂತಾ?"

ಕೇಕೆ ಹಾಕುತ್ತಿದ್ದ ಹೆಂಗಸರು ಅಜ್ಜನ ಕಡೆ ತಿರುಗುತ್ತಾರೆ.

"ಸಿಟ್ಟಾ? ಯಾರಿಗೆ? ನನಗಾ?" ಅಜ್ಜ ಹಲ್ಲು ಕಚ್ಚಿಕೊಂಡು ಹೇಳುತ್ತಾರೆ. "ನಗ್ತಾ ಇದೀನಿ, ಕಾಣಲ್ವಾ? ಹಾ! ಹಾ! ಹಾ! ತಗೊಂಡು ಹೋಗು. ಕೋತಿಗಳನ್ನ ಕೂರಿಸ್ಕೊ ಅದರ ಮೇಲೆ!"

ನಾನು ಪತ್ರಕರ್ತನ ಗಾಂಭೀರ್ಯ ಮರೆತು ಕಣ್ಣಲ್ಲಿ ನೀರು ಬರುವಷ್ಟು ನಗುತ್ತೇನೆ. ಫೆಲಿಸ್ತಾ ಮಾತ್ರ ಊರ ಗಡಿ ದಾಟುವವರೆಗೆ ಹಾಡಿ, ದಾಟಿದ ಮೇಲೆ ಗಾಡಿಯಲ್ಲೇ ಹಲಗೆಗಳ ಮೇಲೆ ಕುಸಿದು ಕೂರುತ್ತಾರೆ. "ಹಟಕ್ಕೆ ಬಿದ್ದು ಈ ವಾರವೇ ಹೋಗಿಬಿಟ್ರೆ? ಚಾಪೆ ಸುತ್ತಿ ಮಣ್ಣು ಮಾಡಬೇಕಾಗತ್ತೆ. ವೆಲೊನಿಕಾಗೆ ನಾನು ಯಾವ ಮುಖ ತೋರಿಸಲಿ? ಬೀಗರ ಸಲಿಗೆಗೂ ಒಂದು ಮಿತಿ ಇರತ್ತೆ. ದಾಟಿಬಿಟ್ನೇನೋ."

ಗುರುವಾರ ಅಜ್ಜ ಡಬ್ಬಿಯನ್ನು ನೋಡಲೂ ಇಲ್ಲ. ಗೋಡೆ ಕಡೆ ತಿರುಗಿ ಮಲಗಿಬಿಡುತ್ತಾರೆ. ಶುಕ್ರವಾರವೂ ಅದೇ. ಹಾಡಿನ ಅಭ್ಯಾಸದಲ್ಲಿ ಫೆಲಿಸ್ತಾ ಎರಡು ಸಲ ಸಾಲು ತಪ್ಪುತ್ತಾರೆ. ಚರ್ಚಿನ ಹಿಂದೆ ಮಾಯೆಸೊ ಹಲಗೆಗಳಿಗೆ ಕೀಸುಳಿ ಹಾಕಿ ನುಣುಪು ಮಾಡುತ್ತಿದ್ದಾರೆ. ಆ ಸದ್ದು ಬಂದಾಗಲೆಲ್ಲ ಫೆಲಿಸ್ತಾ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಶನಿವಾರ ವೆಲೊನಿಕಾ ಓಡೋಡಿ ಬರುತ್ತಾಳೆ. ಅವಳ ಮುಖ ನೋಡಿ ಫೆಲಿಸ್ತಾ ಕೈಕೆಲಸ ಬಿಟ್ಟು ಅಂಗಳಕ್ಕೆ ಇಳಿಯುತ್ತಾರೆ.

"ಅಕ್ಕಾ, ಅಪ್ಪ ಬೆಳಗ್ಗೆ ನ್ಶಿಮಾ ಕೇಳಿದ್ರು! ಎರಡು ಮುದ್ದೆ, ಕಡಲೆಬೀಜ ಹಾಕಿದ ಸೊಪ್ಪಿನ ಜೊತೆ ತಿಂದ್ರು. ತಿಂದು, ಹೊಲದಂಚಲ್ಲಿ ಇನ್ನೊಂದು ಮುಕ್ವಾ ಮರ ಇತ್ತಲ್ಲ, ಈಗ ಎಷ್ಟು ದಪ್ಪ ಆಗಿದೆ ನೋಡ್ಕೊಂಡು ಬಾ ಅಂದ್ರು!"

ಭಾನುವಾರ ಪ್ರಸಂಗ ಶುರುವಾಗಿ ಏಳನೇ ನಿಮಿಷ. ಬಾಗಿಲಲ್ಲಿ ಕೋಲಿನ ಸದ್ದು. ಈ ಚರ್ಚಿನೊಳಗೆ ಎಂದೂ ಕಾಲಿಡದ ಯೆಲೆಮಿಯಾ ಅಜ್ಜ, ಮಗಳ ಹೆಗಲು ಹಿಡಿದು ಒಳಗೆ ಬರುತ್ತಾರೆ. ಚಾಪೆಗಳ ಮೇಲೆ ಕೂತವರು ದಾರಿ ಬಿಡುತ್ತಾರೆ. ಅಜ್ಜ ಹೊಸ ಬೆಂಚಿನ ಸುತ್ತ ಒಂದು ಸುತ್ತು ಬಂದು, ಬೆರಳಿಂದ ತಟ್ಟಿ ಸದ್ದು ಕೇಳಿ, ಅಂಚು ಸವರಿ ನೋಡುತ್ತಾರೆ.

"ಮಾಯೆಸೊ, ಈ ಮೂಲೆ ಸರಿಯಾಗಿ ಉಜ್ಜಿಲ್ಲ."

"ನಾಳೆ ಉಜ್ತೀನಿ ಅಜ್ಜ."

ಅಜ್ಜ ನಡುಮಧ್ಯ ಕೂರುತ್ತಾರೆ. ಉದ್ದಕ್ಕೆ ಕಾಲು ಚಾಚಿ, ಗಾತ್ರ ಸರಿಯಿದೆ ಎಂದು ತಲೆ ಆಡಿಸುತ್ತಾರೆ. ಆಮೇಲೆ ಪ್ರಸಂಗಪೀಠದ ಕಡೆ ಕೋಲು ಎತ್ತುತ್ತಾರೆ. "ಬೀಗಿತ್ತಿ, ದೇವರು ಒಂದು ನಿಮಿಷ ಕಾಯ್ತಾನೆ. ಆ ಮಾತ್ರೆ ಕೊಡು."

ಫೆಲಿಸ್ತಾ ಇಳಿದು ಬಂದು, ಡಬ್ಬಿ ತೆರೆದು, ಅಂದಿನ ಮಾತ್ರೆಗಳನ್ನು ಎಣಿಸಿ ಕೊಡುತ್ತಾರೆ. ಅಜ್ಜ ಒಂದೊಂದೇ ನುಂಗಿ, ಬಾಯಿ ತೆರೆದು ಇಡೀ ಸಭೆಗೆ ತೋರಿಸುತ್ತಾರೆ.

"ಎಲ್ಲರೂ ಕೇಳಿಸ್ಕೊಳಿ," ಎನ್ನುತ್ತಾರೆ. "ನಾಳೆ ಇನ್ನೊಂದು ಮರ ಕಡಿಸ್ತೀನಿ. ಕೊಯ್ದು ಒಣಗೋಕೆ ಎರಡು ವರ್ಷ. ಹಸಿ ಹಲಗೆ ಮಣ್ಣಿಗಿಳಿದ್ರೆ ಸೊಟ್ಟಗಾಗತ್ತೆ. ಸೊಟ್ಟ ಪೆಟ್ಟಿಗೇಲಿ ಮಲಗೋಕೆ ನಾನೇನು ಬೆಂಬಾನಾ? ಅಲ್ಲಿವರೆಗೆ ಸಾಯೋ ಹಾಗಿಲ್ಲ. ಇವಳು ನನ್ನ ಕೈಕಾಲು ಕಟ್ಟಿಹಾಕಿದಾಳೆ."

ಆಗ ಎದ್ದ ನಗೆಗೆ ಸೂರಿನ ತಗಡು ಅದುರುತ್ತದೆ. ಹಾಡುವವರು ಹೇಳದೆಯೇ ಹಾಡು ಎತ್ತಿಕೊಳ್ಳುತ್ತಾರೆ. ಅಂದಿನ ಪ್ರಸಂಗ ಏಳೇ ನಿಮಿಷಕ್ಕೆ ಮುಗಿಯುತ್ತದೆ. ಯಾರೂ ಗೊರಕೆ ಹೊಡೆಯಬೇಕಾಗಿ ಬರುವುದಿಲ್ಲ.

ಮಧ್ಯಾಹ್ನ ಫೆಲಿಸ್ತಾ ಮನೆ ಮೆಟ್ಟಿಲ ಮೇಲೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದಾರೆ. ನಾನು ಹೊರಡಬೇಕು, ಬಸ್ಸಿಗೆ ಹೊತ್ತಾಗಿದೆ. ಇಪ್ಪತ್ತೆರಡು ವರ್ಷದಲ್ಲಿ ಯಾರೂ ಇವರಿಗೆ ಹಾರ ಹಾಕಿಲ್ಲ, ಪತ್ರಿಕೆಯಲ್ಲಿ ಫೋಟೋ ಬಂದಿಲ್ಲ. ಹೊಸ ಸೈಕಲ್ಲು ಬೇಕೇ, ಚರ್ಚಿಗೆ ಇನ್ನಷ್ಟು ಬೆಂಚು ಬೇಕೇ, ಓದುಗರಲ್ಲಿ ಏನಾದರೂ ಕೇಳಿಕೊಳ್ಳಲೇ ಎನ್ನುತ್ತೇನೆ.

ಅವರು ಅಂಗೈಯಲ್ಲಿನ ಸಿಪ್ಪೆ ಊದಿ, ಬೀಜಗಳನ್ನು ಬುಟ್ಟಿಗೆ ಹಾಕುತ್ತಾರೆ.

"ಸೈಕಲ್ಲು ಇನ್ನೂ ಓಡತ್ತೆ," ಎನ್ನುತ್ತಾರೆ. "ನನಗೆ ಒಂದೇ ಆಸೆ ಕಣಪ್ಪಾ. ಆ ಮರ ನಿಧಾನವಾಗಿ ಒಣಗಲಿ."