ಪುಕ್ಕಟೆ ಮಜ್ಜಿಗೆ

ನಮ್ಮ ಅಂದಪ್ಪ ಕಾಕಾ ಕಮತಗಿಯ ಬಸ್ ನಿಲ್ದಾಣದಲ್ಲಿ ಮಜ್ಜಿಗೆಯ ಅರವಟಿಗೆ ಇಟ್ಟದ್ದು ೧೯೭೮ರ ಬೇಸಿಗೆಯಲ್ಲಿ. ಹಿಂದಿನ ವರ್ಷ ಅವನ ತಾಯಿ, ನಮ್ಮಜ್ಜಿ ಗುರುಸಿದ್ದವ್ವ, ಅಲ್ಲೇ ಬಿಸಿಲಿಗೆ ಕುಸಿದು ತೀರಿಕೊಂಡಿದ್ದಳು. ಮಜ್ಜಿಗೆ ಮಾರುವ ಲಗಮವ್ವ ಎದುರಿಗೇ ಇದ್ದಳು. ಆದರೆ ಅಜ್ಜಿ ದುಡ್ಡಿನ ಸಂಚಿ ಮನೆಯಲ್ಲೇ ಮರೆತಿದ್ದಳು, ಬೇಡಲು ನಾಚಿಕೆ.

ಮೊದಲ ವಾರ ಕಾಕಾ ನೆಲದ ಮೇಲೆ ನಿಲ್ಲಲಿಲ್ಲ. ಬಸ್ಸಿಗೆ ಬಸ್ಸೇ ಇಳಿದು ಬಂತು. ಇಳಕಲ್ಲಿಗೆ ಸೀರೆ ತರಲು ಹೊರಟ ಸಾಹುಕಾರರೂ ಕೈಯೊಡ್ಡಿದರು. ಬಾಯಾರಿದವರು ಎಷ್ಟು ಮಂದಿ, ಪುಕ್ಕಟೆ ಅಂತ ಬಂದವರು ಎಷ್ಟು ಮಂದಿ, ಆ ಶಿವನಿಗೇ ಗೊತ್ತು!

ಎಂಟನೆಯ ದಿನ ಅವನ ಕಣ್ಣು ಲಗಮವ್ವನ ಮೇಲೆ ಬಿತ್ತು. ಒಂದೇ ಎಮ್ಮೆಯ ಮೇಲೆ ಬದುಕುವ ಒಂಟಿ ಹೆಂಗಸು, ತುಂಬಿದ ಕೊಡದ ಮುಂದೆ ನೊಣ ಹೊಡೆಯುತ್ತ ಕೂತಿದ್ದಳು. ಅಷ್ಟೇ, ಕಾಕಾನ ಊಟ, ನಿದ್ದೆ ಹಾರಿಹೋದವು. ಅಂಗಳದಲ್ಲಿ ಅಡ್ಡಾಡುತ್ತ, "ಮುಚ್ಚಿಬಿಡ್ಲೇನವಾ?" ಎಂದು ಅಣ್ಣನ ಮಗಳಾದ ನನ್ನನ್ನು ಕೇಳುತ್ತಿದ್ದ. ನಾನು ಬಾಯಿ ತೆರೆಯುವ ಮೊದಲೇ, "ಮುಚ್ಚಿದ್ರ ಮತ್ತ್ಯಾವ ಮುದಿಕಿ ಬೀಳ್ತಾಳೋ" ಎಂದು ತಾನೇ ತಲೆ ಕೊಡವುತ್ತಿದ್ದ. ನನಗೋ ಮೈಯೆಲ್ಲ ಸಿಟ್ಟು. ಒಳ್ಳೆಯದು ಮಾಡಿ ಇಷ್ಟು ಒದ್ದಾಡುವವರನ್ನು ನಾನೆಲ್ಲೂ ಕಂಡಿರಲಿಲ್ಲ.

ಕಡೆಗೆ ಲಗಮವ್ವನ ಹತ್ತಿರವೇ ಹೋದ.

"ಇನ್ನ ಮ್ಯಾಲೆ ನಿನ್ನ ಮಜ್ಜಿಗಿ ಎಲ್ಲಾ ನಾನ ಕೊಳ್ತೇನಿ. ಅರವಟಿಗಿಗೆ ಹಾಕೂಣು."

ಲಗಮವ್ವ ಕಿವಿ ಮುಚ್ಚಿಕೊಂಡಳು. "ಶಿವ ಶಿವಾ! ಧರ್ಮದ ಮಜ್ಜಿಗಿಗೆ ರೊಕ್ಕಾ ತಗೊಂಡ್ರ ನನ್ನ ಬಾಯಾಗ ಹುಳಾ ಬೀಳ್ತಾವ್ರಿ ಯಪ್ಪಾ! ಅವತ್ತ ನಿಮ್ಮವ್ವ ಒಂದ್ ಮಾತ ಕೇಳಿದ್ರ ಸುಮ್ನ ಕೊಡ್ತಿದ್ನಿ. ಕೇಳಲಿಲ್ಲ, ನಂಗ ತಿಳೀಲಿಲ್ಲ."

ಮರುದಿನದಿಂದ ದಿನಾ ಒಂದು ಕೊಡ ತಂದು ಕಾಕಾನ ಹಂಡೆಗೆ ಸುರಿಯತೊಡಗಿದಳು. ಬೇಡವೆಂದರೆ, "ಪುಣ್ಯಾ ನಿಮ್ಮೊಬ್ಬರಿಗೇ ಬೇಕೇನ್ರಿ?" ಎಂದು ಜಬರಿಸುತ್ತಿದ್ದಳು. ಕಾಕಾ ಅವಳ ಮನೆಗೆ ಜೋಳ ಕಳಿಸಿದ. ಚೀಲ ಹಾಗೇ ತಿರುಗಿ ಬಂತು.

ಬಸವ ಜಯಂತಿಯ ದಿನ ಲಗಮವ್ವ ಕೊಡ ಬರಿದು ಮಾಡಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇದ ಕಡೀದು ನೋಡ್ರಿ. ಎಮ್ಮಿ ನಿನ್ನೆ ಮಾರಿದ್ನಿ. ನಾಳಿಂದ ಇಳಕಲ್ಲಿಗಿ ಕಲ್ಲ ಹೊರಾಕ ಹೊಂಟೇನಿ."

ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು ಎಂದು ಕಾಕಾ ಆಮೇಲೆ ನನಗೆ ಹೇಳಿದ. ಅವಳು ಎಲ್ಲರ ಜೊತೆ ಸಾಲಿನಲ್ಲಿ ನಿಂತು ಬೊಗಸೆಯೊಡ್ಡಿದಳು.

"ನಂಗೂ ಹಾಕ್ರಿ, ಭಾಳ ನೀರಡಿಕಿ ಆಗೇತಿ."

ಕಾಕಾ ಹಾಕಿದ. ಅವಳು ಗಟಗಟ ಕುಡಿದು, "ಹೊಟ್ಟಿ ತಣ್ಣಗಾತ್ರಿ. ಇದನ್ನ ಎಂದೂ ನಿಲ್ಲಸಬ್ಯಾಡ್ರಿ," ಎಂದಳು.

ಮುಂದೆ ಹನ್ನೊಂದು ಬೇಸಿಗೆ ಕಾಕಾ ಅದನ್ನು ನಿಲ್ಲಿಸಲಿಲ್ಲ. ತಾನು ಮಾತ್ರ ಆ ಮಜ್ಜಿಗೆಯನ್ನು ಒಂದು ದಿನವೂ ಬಾಯಿಗೆ ಮುಟ್ಟಿಸಲಿಲ್ಲ.