ನಲವತ್ತೆಂಟೂವರೆ ನಿಮಿಷದ ನಕ್ಷತ್ರ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಚುಕ್ಕಿ ಮೇಡಂ ಎನ್ನುತ್ತಿದ್ದರು. ಖಗೋಳ ಸಂಶೋಧನಾ ಸಂಸ್ಥೆಯ ಎರಡನೇ ಮಹಡಿಯಲ್ಲಿ, ಝೆರಾಕ್ಸ್ ಯಂತ್ರಕ್ಕೂ ನೀರಿನ ಫಿಲ್ಟರಿಗೂ ನಡುವಿನ ಕೋಣೆಯಲ್ಲಿ ಕೂತು, ಹತ್ತೊಂಬತ್ತು ವರ್ಷಗಳಿಂದ ಅವಳು ಕಂಪ್ಯೂಟರ್ ಪರದೆಯ ಮೇಲಿನ ಚುಕ್ಕಿಗಳನ್ನು ಅಳೆಯುತ್ತಿದ್ದಳು. ಭೂಮಿಯಿಂದ ಆರುನೂರು ಕಿಲೋಮೀಟರ್ ಮೇಲೆ ಸುತ್ತುವ ಉಪಗ್ರಹವೊಂದರ ದೂರದರ್ಶಕ, ಬರಿಗಣ್ಣಿಗೆ ಕಾಣದ ನೇರಳಾತೀತ ಬೆಳಕಿನಲ್ಲಿ ಗ್ಯಾಲಕ್ಸಿಗಳ ಚಿತ್ರ ತೆಗೆದು ಕಳಿಸುತ್ತಿತ್ತು. ಅದರಲ್ಲಿ ಯಾವ ಚುಕ್ಕಿ ಎಷ್ಟು ಬೆಳಗುತ್ತದೆ ಎಂದು ಬರೆದಿಡುವುದು ಅವಳ ಕೆಲಸ.

ಖಗೋಳ ವಿಜ್ಞಾನಿ ಎಂದು ಹೇಳಿಕೊಳ್ಳಲು ಅವಳಿಗೇ ಸಂಕೋಚ. ದೂರದರ್ಶಕಕ್ಕೆ ಕಣ್ಣಿಟ್ಟದ್ದು ಜೀವಮಾನದಲ್ಲಿ ಒಂದೇ ಸಲ, ಕಾಲೇಜಿನಲ್ಲಿದ್ದಾಗ. ಆಗ ಕಂಡದ್ದು ತನ್ನದೇ ರೆಪ್ಪೆಗೂದಲು. ರಾತ್ರಿ ಒಂಬತ್ತಾದರೆ ಕಣ್ಣು ಎಳೆಯುತ್ತಿತ್ತು. ಪಕ್ಕದ ಮನೆಯವರು ಸಂಜೆ ಆಕಾಶದಲ್ಲಿ ಹೊಳೆಯುವುದನ್ನು ತೋರಿಸಿ ಅದ್ಯಾವುದು ಎಂದರೆ, ಶುಕ್ರ ಇರಬಹುದು ಎನ್ನುತ್ತಿದ್ದಳು. ಒಮ್ಮೆ ಆ ಶುಕ್ರ ಕೆಂಪು ದೀಪ ಮಿನುಗಿಸುತ್ತ ವಿಮಾನ ನಿಲ್ದಾಣದ ಕಡೆ ಇಳಿದುಹೋಯಿತು. ಅಲ್ಲಿಂದ ಮುಂದೆ ಅವರು ನಾಳೆ ಮಳೆ ಬರುತ್ತದೆಯೇ ಎಂದಷ್ಟೇ ಕೇಳುತ್ತಿದ್ದರು. ಅದೂ ಅವಳಿಗೆ ಗೊತ್ತಿರುತ್ತಿರಲಿಲ್ಲ.

ಹನ್ನೊಂದು ವರ್ಷ ಅವಳು ಒಂದೇ ಗ್ಯಾಲಕ್ಸಿಯ ಬೆನ್ನು ಹತ್ತಿದ್ದಳು. ಅದರ ಸುರುಳಿ ತೋಳುಗಳಲ್ಲಿ ಹೊಸ ನಕ್ಷತ್ರಗಳು ಎಲ್ಲೆಲ್ಲಿ ಹುಟ್ಟುತ್ತಿವೆ ಎಂದು ದೊಡ್ಡ ಪ್ರಬಂಧ ಬರೆದಿದ್ದಳು. ಇಡೀ ಜಗತ್ತಿನಲ್ಲಿ ಒಂಬತ್ತು ಕಡೆ ಅದರ ಉಲ್ಲೇಖ ಬಂದಿತ್ತು. ಅದರಲ್ಲಿ ನಾಲ್ಕು ಅವಳವೇ.

ಹೀಗಿರುವಾಗ ಒಂದು ಮಂಗಳವಾರ ಬೆಳಿಗ್ಗೆ, ಆ ಗ್ಯಾಲಕ್ಸಿಯ ಅಂಚಿನಲ್ಲಿದ್ದ ಒಂದು ಚುಕ್ಕಿ ಅವಳ ಕಣ್ಣಿಗೆ ಬಿತ್ತು. ಅದು ಆ ಗ್ಯಾಲಕ್ಸಿಗೆ ಸೇರಿದ್ದೇ ಅಲ್ಲ. ನಮ್ಮದೇ ಗ್ಯಾಲಕ್ಸಿಯ ಒಂದು ಶ್ವೇತಕುಬ್ಜ, ಅಂದರೆ ಉರಿದು ಮುಗಿದು, ಸೂರ್ಯನಷ್ಟು ತೂಕವನ್ನು ಭೂಮಿಯಷ್ಟು ಗಾತ್ರಕ್ಕೆ ಅದುಮಿಕೊಂಡು ಕೂತ ಮುದಿ ನಕ್ಷತ್ರ. ಫೋಟೋದಲ್ಲಿ ಅಡ್ಡ ಬಂದ ದಾರಿಹೋಕರ ಹಾಗೆ ಚಿತ್ರದೊಳಗೆ ಬಂದು ನಿಂತಿತ್ತು. ಅದನ್ನು ತೆಗೆದುಹಾಕುವ ಮುಂಚೆ ಸುಮ್ಮನೆ ಅದರ ಬೆಳಕು ಹೊತ್ತು ಹೊತ್ತಿಗೆ ಎಷ್ಟಿದೆ ಎಂಬ ಗೆರೆ ಎಳೆದು ನೋಡಿದಳು. ಗೆರೆ ಏರಿತು, ಇಳಿಯಿತು, ಮತ್ತೆ ಏರಿತು. ಸರಿಯಾಗಿ ನಲವತ್ತೆಂಟೂವರೆ ನಿಮಿಷಕ್ಕೊಮ್ಮೆ.

ಅವಳು ಕುರ್ಚಿ ಮುಂದಕ್ಕೆಳೆದುಕೊಂಡಳು. ಅಷ್ಟು ಚಿಕ್ಕ ಅವಧಿಗೆ ಮಿಡಿಯಬೇಕಾದರೆ ಅಲ್ಲಿ ಒಂದಲ್ಲ, ಎರಡು ಶ್ವೇತಕುಬ್ಜಗಳು ಮೈಗೆ ಮೈ ತಾಗುವಷ್ಟು ಹತ್ತಿರದಲ್ಲಿ ಒಂದನ್ನೊಂದು ಸುತ್ತುತ್ತಿರಬೇಕು. ಅಂಥ ಜೋಡಿಗಳು ಸಿಗುವುದು ಬಹಳ ಅಪರೂಪ.

ವಿಭಾಗದ ಮುಖ್ಯಸ್ಥರು ಮಿತಭಾಷಿ. ಮಾತನ್ನೂ ಗ್ರಾಂ ಲೆಕ್ಕದಲ್ಲಿ ತೂಗಿ ಕೊಡುವವರು. ಗೆರೆಯನ್ನು ಹತ್ತು ನಿಮಿಷ ನೋಡಿ ಕೇಳಿದರು:

"ಉಪಗ್ರಹದ್ದೇ ಚೇಷ್ಟೆ ಅಲ್ಲ ತಾನೆ?"

"ಅಲ್ಲ ಸರ್. ಪಟ್ಟಿ ಪೂರ್ತಿ ನೋಡಿದೀನಿ."

ಪಟ್ಟಿ ಎಂದರೆ ಹೊಸಬರಿಗೆಂದು ಅವಳೇ ಬರೆದು ಗೋಡೆಗೆ ಅಂಟಿಸಿದ ಒಂಬತ್ತು ಅಂಶಗಳ ಹಾಳೆ. ‘ಹೊಸದೇನಾದರೂ ಕಂಡರೆ ಮೊದಲು ನಮ್ಮ ಉಪಗ್ರಹವನ್ನು ಅನುಮಾನಿಸಿ, ಆಮೇಲೆ ನಿಮ್ಮನ್ನು, ಕೊನೆಗೆ ನಕ್ಷತ್ರವನ್ನು’ ಎಂದು ಅದರ ತಲೆಯ ಮೇಲೆ ದಪ್ಪ ಅಕ್ಷರದಲ್ಲಿತ್ತು. ಅದರ ಝೆರಾಕ್ಸ್ ಪ್ರತಿಯಲ್ಲಿ ಒಂಬತ್ತಕ್ಕೂ ಅವಳು ಟಿಕ್ ಹಾಕಿದ್ದಳು.

ಮುಖ್ಯಸ್ಥರು ತಲೆಯಾಡಿಸಿ, ಅದರ ಕೆಳಗೆ ಸಹಿ ಹಾಕಿದರು. ಮುಂದಿನ ತಿಂಗಳ ಸಮ್ಮೇಳನಕ್ಕೆ ಅವಳ ಭಾಷಣ ನಿಗದಿಯಾಯಿತು. ದೂರದರ್ಶಕದ ಸಮಯ ಹಂಚುವ ಸಮಿತಿ, ಅವಳ ಅರ್ಜಿಗಳನ್ನು ಆರು ವರ್ಷ ವಾಪಸ್ಸು ಕಳಿಸುತ್ತಲೇ ಬಂದ ಅದೇ ಸಮಿತಿ, ತುರ್ತು ಎಂದು ಉಪಗ್ರಹದ ಇಪ್ಪತ್ತು ಸುತ್ತುಗಳ ಸಮಯ ಕೊಟ್ಟಿತು. ಚುಕ್ಕಿ ಮೇಡಂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಫಿಲ್ಟರಿನಿಂದ ನೀರು ಹಿಡಿಯಲು ಬಂದವರಿಗೆಲ್ಲ ಗೆರೆ ತೋರಿಸಿದಳು. ಕನ್ನಡಿಯ ಮುಂದೆ ನಿಂತು, ಪತ್ರಿಕೆಯವರು ಬಂದರೆ ಕನ್ನಡಕ ಹಾಕಿಕೊಂಡೇ ಇರುವುದೋ ತೆಗೆಯುವುದೋ ಎಂದು ಎರಡೂ ಥರ ನೋಡಿಕೊಂಡಳು. ತೆಗೆದರೆ ತನಗೆ ತಾನೇ ಕಾಣುವುದಿಲ್ಲವಾದ್ದರಿಂದ ಆ ವಿಷಯ ಇತ್ಯರ್ಥವಾಗಲಿಲ್ಲ.

ಮನೆಯಲ್ಲಿ ಅತ್ತೆ ಬೀದಿಗೆಲ್ಲ ಡಂಗುರ ಸಾರಿಯಾಗಿತ್ತು. "ನಮ್ಮ ಸೊಸೆ ಒಂದು ನಕ್ಷತ್ರ ಹಿಡಿದಿದ್ದಾಳೆ" ಎಂದು ಕಾಂಪೌಂಡಿನ ಈಚೆಯಿಂದಲೇ ಹೇಳುತ್ತಿದ್ದರು, ಇಲಿ ಹಿಡಿದಷ್ಟು ಸಲೀಸಾಗಿ.

ಅವಳ ಗಂಡ ಸಿಟಿ ಬಸ್ ಡ್ರೈವರ್. ಊರನ್ನು ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ಹದಿನಾಲ್ಕನೇ ನಂಬರ್ ಬಸ್ಸು ಅವನದು. ಭಾನುವಾರ ರಜೆ. ಮಧ್ಯಾಹ್ನ ಚಹಾ ಕುಡಿಯುತ್ತ ಕೂತಿದ್ದಾಗ ಅವಳು ಎರಡು ಬಟ್ಟಲು ತೆಗೆದುಕೊಂಡು ಮೇಜಿನ ಮೇಲೆ ಒಂದರ ಸುತ್ತ ಒಂದನ್ನು ತಿರುಗಿಸಿ, ನಲವತ್ತೆಂಟೂವರೆ ನಿಮಿಷದ ಕಥೆಯನ್ನು ನಾಲ್ಕನೇ ಸಲ ಹೇಳಿದಳು. ಮೂರು ಸಲ ತಲೆಯಾಡಿಸಿದ್ದ ಅವನು ಈ ಸಲ ಲೋಟ ಕೆಳಗಿಟ್ಟ.

"ಅಲ್ಲ, ನಿನ್ನ ಉಪಗ್ರಹ ಒಂದು ಸುತ್ತು ಹೊಡೆಯೋಕೆ ಎಷ್ಟು ಹೊತ್ತು?"

"ತೊಂಬತ್ತೇಳು ನಿಮಿಷ. ಅದೂ ಇದೂ ಬೇರೆ ಬೇರೆ ಕಣ್ರೀ. ನೋಡಿದೀನಿ."

"ನನ್ನ ಬಸ್ಸಿಗೂ ಹತ್ತಿರ ಹತ್ತಿರ ಅಷ್ಟೇ ಹೊತ್ತು. ಆದ್ರೆ ಒಂದು ಸುತ್ತಲ್ಲಿ ರೈಲ್ವೆ ಕಂಬಿ ಎರಡು ಸಲ ದಾಟ್ತೀನಿ. ಆಚೆ ಹೋಗ್ತಾ ಒಂದು, ಈಚೆ ಬರ್ತಾ ಒಂದು. ಎರಡು ಸಲವೂ ಬಸ್ಸು ಎತ್ತಿ ಹಾಕುತ್ತೆ, ನಿದ್ದೆ ಮಾಡ್ತಿದ್ದೋರು ಎದ್ದು ಕೂರ್ತಾರೆ. ನಿನ್ನದಕ್ಕೆ ಅಂಥದ್ದೇನೂ ಇಲ್ವಾ?"

"ಆಕಾಶದಲ್ಲಿ ಎಲ್ಲಿಂದ ಬರ್ಬೇಕು ರೈಲ್ವೆ ಕಂಬಿ?" ಎಂದು ನಕ್ಕಳು.

ನಗು ಅರ್ಧಕ್ಕೆ ನಿಂತಿತು. ಕಂಬಿ ಇತ್ತು. ಪ್ರತಿ ಸುತ್ತಿನಲ್ಲೂ ಉಪಗ್ರಹ ಒಮ್ಮೆ ಬಿಸಿಲಿನಿಂದ ಭೂಮಿಯ ನೆರಳಿಗೆ ಹೋಗುತ್ತದೆ, ಒಮ್ಮೆ ನೆರಳಿನಿಂದ ಬಿಸಿಲಿಗೆ ಬರುತ್ತದೆ. ಸುತ್ತಿಗೆ ಎರಡು ಸಲ. ತೊಂಬತ್ತೇಳರ ಅರ್ಧ ನಲವತ್ತೆಂಟೂವರೆ.

ಇನ್ನೂ ನಾಚಿಕೆಗೇಡಿನ ವಿಷಯ ಅವಳಿಗೊಬ್ಬಳಿಗೇ ಗೊತ್ತಿತ್ತು. ಪಟ್ಟಿಯ ಏಳನೇ ಅಂಶವೇ ‘ಸುತ್ತಿನ ಕಾಲದ ಅರ್ಧವನ್ನೂ ಪರೀಕ್ಷಿಸಿ’ ಎಂದಿತ್ತು. ಅವಳದೇ ಕೈಬರಹ. ಆರನೆಯದು ಮುಗಿಸುವ ಹೊತ್ತಿಗೆ ತಲೆಯಲ್ಲಿ ಭಾಷಣದ ಮೊದಲ ಸಾಲು ತಯಾರಾಗುತ್ತಿತ್ತು. ಏಳು, ಎಂಟು, ಒಂಬತ್ತಕ್ಕೆ ಒಂದೇ ಉಸಿರಿನಲ್ಲಿ ಟಿಕ್ ಗೀಚಿದ್ದಳು.

"ಏನಾಯ್ತು?" ಎಂದ ಗಂಡ.

"ಏನಿಲ್ಲ. ನಕ್ಷತ್ರ ಹೋಯ್ತು."

ಅವನಿಗೆ ತಾನು ಏನೋ ಒಡೆದುಹಾಕಿದ ಹಾಗಾಗಿ, ಬಟ್ಟಲುಗಳನ್ನು ಎತ್ತಿಕೊಂಡು ಹೋಗಿ ತೊಳೆದಿಟ್ಟ.

ಸೋಮವಾರ ಎಲ್ಲರಿಗಿಂತ ಮೊದಲು ಆಫೀಸಿಗೆ ಹೋದಳು. ಬಿಸಿಲು ನೆರಳು ಬದಲಾದಾಗಲೆಲ್ಲ ದೂರದರ್ಶಕದ ಕೊಳವೆ ಕೂದಲೆಳೆಯಷ್ಟು ಹಿಗ್ಗಿ ಕುಗ್ಗಿ, ಚುಕ್ಕಿ ತನ್ನ ಜಾಗದಿಂದ ಒಂಚೂರು ಸರಿಯುತ್ತಿತ್ತು. ಚುಕ್ಕಿಯ ಬೆಳಕನ್ನು ಅಳೆಯುವಾಗ ಅದರ ಸುತ್ತ ಒಂದು ವೃತ್ತ ಎಳೆದು, ಒಳಗೆ ಬಿದ್ದಷ್ಟನ್ನೇ ಎಣಿಸುತ್ತಾರೆ. ಪಕ್ಕದ ಗ್ಯಾಲಕ್ಸಿಯ ಬೆಳಕು ಬೆರೆಯದಿರಲೆಂದು ಅವಳು ಆ ವೃತ್ತವನ್ನು ಬಿಗಿ ರವಿಕೆಯ ಹಾಗೆ ಹೊಲಿದಿದ್ದಳು. ಚುಕ್ಕಿ ಸರಿದಾಗಲೆಲ್ಲ ಬೆಳಕು ಹೊರಗೆ ಚೆಲ್ಲುತ್ತಿತ್ತು, ಅಷ್ಟೇ. ವೃತ್ತವನ್ನು ಎರಡು ಪಟ್ಟು ದೊಡ್ಡದು ಮಾಡಿದಳು. ಗೆರೆ ಮೇಜಿನ ಅಂಚಿನಷ್ಟು ನೆಟ್ಟಗಾಯಿತು.

ಮುಖ್ಯಸ್ಥರ ಕೋಣೆಯಲ್ಲಿ ನಿಂತು ಎಲ್ಲವನ್ನೂ ಹೇಳಿದಳು, ಏಳನೇ ಟಿಕ್ಕಿನ ವಿಷಯವನ್ನೂ ಬಿಡಲಿಲ್ಲ. ಅವರು ಪೆನ್ನಿನ ಮುಚ್ಚಳ ಹಾಕಿದರು.

"ಯಾರು ಹೇಳಿದ್ದು?"

"ನಮ್ಮ ಮನೆಯವರು ಸರ್."

"ಅವರೂ ಇದೇ ಕ್ಷೇತ್ರದಲ್ಲಿದ್ದಾರಾ?"

"ಹದಿನಾಲ್ಕನೇ ನಂಬರ್ ಬಸ್ಸಲ್ಲಿದ್ದಾರೆ."

ಅವರ ಮುಖದಲ್ಲಿ ನಗು ಬಂತೋ ಇಲ್ಲವೋ ತಿಳಿಯಲಿಲ್ಲ. "ಪಟ್ಟಿಗೆ ನಾನೂ ಸಹಿ ಹಾಕಿದ್ದೆ" ಎಂದರು. ಆಮೇಲೆ, "ಭಾಷಣ ರದ್ದು ಮಾಡಿಸಲಾ?"

ಹೌದು ಎನ್ನಲೆಂದೇ ಅವಳು ಬಂದದ್ದು. ಆದರೆ ಬಾಲ ಮುದುರಿಕೊಂಡು ಕೂತರೆ, ನೀರು ಹಿಡಿಯಲು ಬಂದವರಿಗೆಲ್ಲ ತಲಾ ಒಂದೊಂದು ವಿವರಣೆ ಕೊಡಬೇಕಾಗುತ್ತಿತ್ತು. "ಬೇಡ ಸರ್. ಒಟ್ಟಿಗೇ ಎಲ್ಲರ ಮುಂದೆ ಹೇಳಿಬಿಡ್ತೀನಿ, ಕೆಲಸ ಉಳಿಯುತ್ತೆ" ಎಂದಳು.

ಮನೆಯಲ್ಲಿ ಅತ್ತೆಗೆ ಹೇಳುವುದು ಇದಕ್ಕಿಂತ ಕಷ್ಟವಾಯಿತು. ಅವರು ಬಟ್ಟೆ ಮಡಿಸುತ್ತ ಕೇಳಿಸಿಕೊಂಡು, "ಹೋಗ್ಲಿ ಬಿಡಮ್ಮ, ಸಿಕ್ಕಿದ್ರೂ ಎಲ್ಲಿ ಇಡ್ತಿದ್ದೆ" ಎಂದರು. ಅವಳಿಗೆ ಅಳುವ ಮನಸ್ಸಿತ್ತು, ನಗು ಬಂದುಬಿಟ್ಟಿತು.

ಸಮ್ಮೇಳನದಲ್ಲಿ ಅವಳ ಸರದಿ ಊಟ ಮುಗಿದ ಮೇಲೆ. ನಲವತ್ತು ಜನರಲ್ಲಿ ಹತ್ತು ಜನ ತೂಕಡಿಸುತ್ತಿದ್ದರು. ಮೊದಲು ಏರಿಳಿಯುವ ಗೆರೆ ತೋರಿಸಿದಳು, ಆಮೇಲೆ ನೆಟ್ಟಗಿನದು. "ಈ ಎರಡರ ನಡುವೆ ಇರೋದು ನಾನು" ಎಂದಳು. ಸಭೆ ನಕ್ಕಿತು, ತೂಕಡಿಸುವವರೂ ಎದ್ದರು. ಬಸ್ಸಿನ ಕಥೆ ಹೇಳಿದಾಗ ಇನ್ನೂ ಜೋರಾಗಿ ನಕ್ಕರು. ನಗು ನಿಂತ ಮೇಲೆ ಕೊನೆಯ ಸಾಲಿನಲ್ಲಿ ಒಬ್ಬರು ಎದ್ದು ನಿಂತರು. ಇಂಥ ಮಿಡಿಯುವ ಜೋಡಿಗಳನ್ನು ಹುಡುಕಿ ದೊಡ್ಡ ಹೆಸರು ಮಾಡಿದ ಹಿರಿಯರು. ಮುಖ ಬಿಳಿಚಿಕೊಂಡಿತ್ತು.

"ವೃತ್ತದ ಅಳತೆ ಇನ್ನೊಂದು ಸಲ ಹೇಳ್ತೀರಾ?"

ಹೇಳಿದಳು. ಅವರು ಬರೆದುಕೊಂಡು, ಲ್ಯಾಪ್‌ಟಾಪ್ ಎತ್ತಿಕೊಂಡು ಹೊರಗೆ ಹೋದರು. ಅವರ ಹಿಂದೆ ಇನ್ನಿಬ್ಬರು ಹೋದರು.

ತಪ್ಪನ್ನು ಅವಳು ಮೂರು ಪುಟದ ಟಿಪ್ಪಣಿಯಾಗಿ ಬರೆದು ಪ್ರಕಟಿಸಿದಳು. ಕೊನೆಗೆ ಬಸ್ ಚಾಲಕರೊಬ್ಬರಿಗೆ ಕೃತಜ್ಞತೆ ಇತ್ತು. ಗಂಡ ಆ ಪುಟವನ್ನು ಮಡಿಸಿ, ಲೈಸೆನ್ಸ್ ಇಡುವ ಪ್ಲಾಸ್ಟಿಕ್ ಚೀಲದಲ್ಲಿ ಇಟ್ಟುಕೊಂಡ. ಕಂಡಕ್ಟರ್ ಬಿಟ್ಟು ಬೇರೆ ಯಾರಿಗೂ ತೋರಿಸಲಿಲ್ಲವಂತೆ. ವರ್ಷ ಕಳೆಯುವಷ್ಟರಲ್ಲಿ ಟಿಪ್ಪಣಿಗೆ ನೂರಾ ಮೂವತ್ತು ಉಲ್ಲೇಖಗಳು ಬಂದವು. ಎಲ್ಲೆಲ್ಲಿಯವರೋ ತಮ್ಮ ಹಳೆಯ ವೃತ್ತಗಳನ್ನು ತೆಗೆದು ನೋಡಿಕೊಂಡು, ಬಾಯಿ ಮುಚ್ಚಿಕೊಂಡು ತಿದ್ದುಪಡಿ ಹಾಕುತ್ತಿದ್ದರು. ಹನ್ನೊಂದು ವರ್ಷದ ಗ್ಯಾಲಕ್ಸಿ ಪ್ರಬಂಧ ಒಂಬತ್ತರಲ್ಲೇ ಇತ್ತು. ಸರಿ ಮಾಡುವುದಕ್ಕಿಂತ ತಪ್ಪು ಮಾಡುವುದರಲ್ಲೇ ತನಗೆ ಹೆಚ್ಚು ಪ್ರತಿಭೆ ಎಂದು ಅವಳೇ ಎಲ್ಲರಿಗೂ ಹೇಳತೊಡಗಿದಳು. ಬೇರೆಯವರು ಹೇಳುವ ಮುಂಚೆ ತಾನೇ ಹೇಳಿಬಿಡುವುದರಲ್ಲಿ ಒಂದು ನೆಮ್ಮದಿ ಇತ್ತು.

ತುರ್ತೆಂದು ಕೊಟ್ಟಿದ್ದ ಇಪ್ಪತ್ತು ಸುತ್ತುಗಳನ್ನು ಸಮಿತಿ ವಾಪಸ್ಸು ಕೇಳಲು ಮರೆತಿತ್ತು. ಚಿತ್ರಗಳು ತಮ್ಮ ಪಾಡಿಗೆ ತಾವು ಬಂದವು. ಒಂದು ಗುರುವಾರ ಪೂರ್ತಿ ಕೂತು ಅವಳು ಆ ಮುದಿ ನಕ್ಷತ್ರವನ್ನು, ಇಪ್ಪತ್ತು ಸುತ್ತೂ, ಅಗಲವಾದ ವೃತ್ತ ಎಳೆದು ಅಳೆದಳು. ಅದು ಮಿಡಿಯಲಿಲ್ಲ. ಜೊತೆಗೆ ಯಾರೂ ಇರಲಿಲ್ಲ. ಒಂಟಿಯಾಗಿ, ಏರಿಳಿತವಿಲ್ಲದೆ, ಬಿಸಿ ಆರುತ್ತ ಕೂತಿತ್ತು. ಪಟ್ಟಿಯ ಒಂಬತ್ತು ಅಂಶಗಳನ್ನೂ ಈ ಸಲ ಬೆರಳಿಟ್ಟು ಓದಿ ಪರೀಕ್ಷಿಸಿ, ಅದರ ಜಾಗ, ಬಿಸಿ, ಬೆಳಕು ಎಲ್ಲವನ್ನೂ ಸಂಸ್ಥೆಯ ನಕ್ಷತ್ರಪಟ್ಟಿಯಲ್ಲಿ ಒಂದು ಸಾಲಾಗಿ ಸೇರಿಸಿದಳು. ಕೊನೆಯ ಅಂಕಣದಲ್ಲಿ ‘ಮಿಡಿತ: ಇಲ್ಲ’ ಎಂದು ಬರೆದು, ಚೀಲ ಹೆಗಲಿಗೇರಿಸಿ, ಬಸ್ ಸ್ಟಾಪಿಗೆ ಹೊರಟಳು.