ನೋವು ರಾತ್ರಿ ಎಬ್ಬಿಸ್ತದಾ?

ಅವರ ಬಲಗೈ ಯಾವಾಗಲೂ ತಣ್ಣಗಿರುತ್ತಿತ್ತು, ಎಡಗೈ ಬೆಚ್ಚಗೆ. ದಿನವಿಡೀ ಜೆಲ್ ಮೆತ್ತಿಕೊಂಡು ಬಲಗೈಯ ಬೆರಳ ತುದಿಗಳು ಬಟ್ಟೆ ಒಗೆದವರ ಕೈಯಂತೆ ಬೆಳ್ಳಗೆ ನಿರಿಗೆಗಟ್ಟಿರುತ್ತಿದ್ದವು. ಎಡಗೈ ಮಾತ್ರ ಸದಾ ಯಾರದೋ ಕಾಲನ್ನೋ ಭುಜವನ್ನೋ ಹಿಡಿದುಕೊಂಡಿರುತ್ತಿತ್ತು. ಮೊದಲ ದಿನ ಆ ತಣ್ಣನೆಯ ಕೈ ತಾಗಿದ್ದೇ ತಡ, ನಾನು ಬೆಚ್ಚಿ ಕಾಲು ಎಳೆದುಕೊಂಡೆ. "ಎಂತ ಮಾರಾಯ್ತಿ, ಇನ್ನೂ ಶುರುವೇ ಮಾಡ್ಲಿಲ್ಲ, ಆಗಲೇ ಓಡ್ತೀರಾ?" ಎಂದು ನಕ್ಕರು. ಓಡುವ ಸ್ಥಿತಿಯಲ್ಲಿದ್ದರೆ ಅಲ್ಲಿಗೆ ಯಾಕೆ ಹೋಗುತ್ತಿದ್ದೆ?

ರಬಾಳೆಯ ಕಂಪನಿಯೊಂದರಲ್ಲಿ ನನಗೆ ಲೆಕ್ಕಪತ್ರದ ಕೆಲಸ. ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಸೇತುವೆ ಹತ್ತಿ ಇಳಿದು ಇನ್ನೊಂದು ಗಾಡಿ ಹಿಡಿಯಬೇಕು. ಒಂದು ಬೆಳಿಗ್ಗೆ ಆ ಮೆಟ್ಟಿಲಲ್ಲಿ ಹಿಂದಿನವರು ನೂಕಿದರು, ನನ್ನ ಪಾದ ಹೊರಳಿತು. ಮೂಳೆ ಮುರಿದಿರಲಿಲ್ಲ, ಹಿಮ್ಮಡಿಯ ಪಕ್ಕದ ಲಿಗಮೆಂಟು ಹರಿದಿತ್ತು. ಪ್ಲಾಸ್ಟರು ಬಿಚ್ಚಿದ ಮೇಲೆ ಡಾಕ್ಟರು ಫಿಸಿಯೋಥೆರಪಿಗೆ ಬರೆದುಕೊಟ್ಟರು. ಡೊಂಬಿವಲಿ ಪೂರ್ವದ ಹಳೆಯ ಬಿಲ್ಡಿಂಗೊಂದರ ನೆಲಮಹಡಿಯಲ್ಲಿ ಕ್ಲಿನಿಕ್ಕು. ಬಾಗಿಲಲ್ಲೇ ಕನ್ನಡ ಕೇಳಿ ಅರ್ಧ ನೋವು ಹೋಯಿತು. ಅದನ್ನು ನಡೆಸುತ್ತಿದ್ದ ಅವರು ಪುತ್ತೂರಿನ ಕಡೆಯವರು, ಗಂಡ ಕಲ್ಯಾಣದ ಹೋಟೆಲೊಂದರಲ್ಲಿ ಮ್ಯಾನೇಜರು, ಮನೆಯೂ ಅಲ್ಲೇ. ಮರಾಠಿ ಪೇಷೆಂಟುಗಳಿಗೆ ಅವರು ತಾಈ, ನನಗೆ ಅಂದಿನಿಂದಲೇ ಅಕ್ಕ.

ಅಲ್ಟ್ರಾಸೌಂಡ್ ಎಂದರೆ ನನಗೆ ಗೊತ್ತಿದ್ದದ್ದು ಬಸುರಿಯರ ಹೊಟ್ಟೆ ನೋಡುವ ಯಂತ್ರ ಮಾತ್ರ. ಇವರದು ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ವೈರು, ವೈರಿನ ತುದಿಗೆ ಲೋಹದ ಬಿಲ್ಲೆಯ ಹಿಡಿ. ಚರ್ಮಕ್ಕೆ ಜೆಲ್ ಹಚ್ಚಿ ಆ ಬಿಲ್ಲೆಯನ್ನು ಮೆಲ್ಲಗೆ ಸುತ್ತುತ್ತಾ ಆಡಿಸುವುದು. ಐದು ನಿಮಿಷ ಆಡಿಸಿದರೂ ನನಗೆ ಏನೂ ತಿಳಿಯಲಿಲ್ಲ.

"ಏನೂ ಗೊತ್ತೇ ಆಗ್ತಿಲ್ವಲ್ಲಕ್ಕ. ಕರೆಂಟ್ ಹೋಗಿದೆಯಾ ನೋಡಿ" ಎಂದೆ.

ಅವರು ಬಿಲ್ಲೆಯನ್ನು ಒರೆಸಿ ಮೇಲ್ಮುಖ ಮಾಡಿ, ಅದರ ಮೇಲೆ ಒಂದು ಹನಿ ನೀರು ಬಿಟ್ಟು ಗುಂಡಿ ಒತ್ತಿದರು. ನೀರು ಗಡಗಡ ನಡುಗಿ, ಕುದಿದಂತೆ ಮೇಲೆದ್ದು, ಸಣ್ಣ ತುಂತುರಾಗಿ ಚಿಮ್ಮಿತು. "ಶಬ್ದ ಅದು. ನಮ್ಮ ಕಿವಿಗೆ ಕೇಳುವುದಿಲ್ಲ. ಒಳಗೆ ಹರಿದ ಕಡೆಗೆ ಹೋಗಿ ಹೀಗೇ ಅಲುಗಾಡಿಸ್ತದೆ. ಗುಣ ಮಾಡುವುದು ನಿಮ್ಮ ಮೈಯೇ, ಇದು ಸ್ವಲ್ಪ ನೂಕ್ತದೆ ಅಷ್ಟೆ. ಮನೆಯಲ್ಲಿ ವ್ಯಾಯಾಮ ಮಾಡದಿದ್ರೆ ನಾನು ಗಣಪತಿ ಹಬ್ಬದವರೆಗೆ ತಿರುಗಿಸಿದ್ರೂ ಎಂತ ಉಪಯೋಗ ಇಲ್ಲ, ಆಯ್ತಾ?" ಎಂದರು.

ಎಲ್ಲರಿಗೂ ಇದೇ ದೂರು. ಈ ಊರಿನ ಜನ ಇದಕ್ಕೆ ಶೇಕ್ ಎನ್ನುತ್ತಾರೆ. ಶೇಕ್ ಎಂದರೆ ಮರಾಠಿಯಲ್ಲಿ ಕಾವು ಕೊಡುವುದು. ಕಾವು ಕೊಟ್ಟ ಮೇಲೆ ಬಿಸಿ ತಾಗಬೇಡವೇ? "ತಾಈ, ಅಜೂನ್ ಥೋಡಂ ವಾಢವಾ ನಾ" ಎಂದು, ಇನ್ನೂ ಸ್ವಲ್ಪ ಏರಿಸಿ ಎಂದು, ತರಕಾರಿ ಕೊಂಡಂತೆ ಚೌಕಾಶಿ ಮಾಡುವರು. ಅಕ್ಕ ಮಂಗಳೂರು ರಾಗದ ಮರಾಠಿಯಲ್ಲಿ ಗದರುವರು. ಬಿಲ್ಲೆ ಒಂದೇ ಕಡೆ ನಿಂತರೆ ಒಳಗಿನ ಮೂಳೆಯ ಹೊದಿಕೆ ಸುಡುತ್ತದೆಂದು ಫೋನ್ ಬಂದರೂ, ಬಾಗಿಲು ಬಡಿದರೂ ಅವರ ಕೈ ನಿಲ್ಲುತ್ತಿರಲಿಲ್ಲ. ಚುರ್ ಎಂದರೆ ತಕ್ಷಣ ಹೇಳಬೇಕೆಂದು ಆಜ್ಞೆ. ನಾನು ಸಂಕೋಚದಿಂದ "ಸ್ವಲ್ಪ" ಎಂದರೆ ರೇಗುವರು. "ನೀವು ಮೈಸೂರಿನವರು ನೋವನ್ನೂ ಮರ್ಯಾದೆಯಲ್ಲಿ ಹೇಳ್ತೀರಲ್ಲ ಮಾರಾಯ್ತಿ! ಸ್ವಲ್ಪ ಅಂದ್ರೆ ಎಷ್ಟು? ನನಗೆ ನಿಮ್ಮ ಮರ್ಯಾದೆ ಬೇಡ, ನೋವು ಬೇಕು."

ಹಿಮ್ಮಡಿಯ ಪಕ್ಕದ ಗಂಟುಮೂಳೆಯ ಮೇಲೆ ಬಿಲ್ಲೆ ಸರಿಯಾಗಿ ಕೂರದು ಎಂದು ನನ್ನ ಕಾಲನ್ನು ನೀಲಿ ಪ್ಲಾಸ್ಟಿಕ್ ಟಬ್ಬಿನ ನೀರಿನಲ್ಲಿ ಇಳಿಬಿಟ್ಟು, ನೀರೊಳಗೇ ಬಿಲ್ಲೆ ಆಡಿಸುತ್ತಿದ್ದರು. ಬಗ್ಗಿ ಬಗ್ಗಿ ಅವರ ಬೆನ್ನು ನೋಯುತ್ತಿತ್ತೋ ಏನೋ. ನಾನು ಕೇಳಿದವಳಲ್ಲ, ಅವರೂ ಹೇಳಿದವರಲ್ಲ. ನಾನು ಮತ್ತೆ ಸರಸರ ಮೆಟ್ಟಿಲು ಹತ್ತುವಂತಾದ ಮೇಲೂ ಮಾತಾಡಲೆಂದು ಹೋಗುವುದು ಬಿಡಲಿಲ್ಲ.

ಅವರ ಒಂದು ಪ್ರಶ್ನೆ ಎಲ್ಲರಿಗೂ ಕಟ್ಟಿಟ್ಟದ್ದು. ಯಂತ್ರ ಮುಟ್ಟುವ ಮೊದಲು, ಎಳೆಯ ಕ್ರಿಕೆಟ್ ಆಟಗಾರನಿಗೂ ಮುದುಕರಿಗೂ ಬಿಡದೆ, ಮೂರು ಭಾಷೆಯಲ್ಲಿ ಕೇಳುತ್ತಿದ್ದರು: "ನೋವು ರಾತ್ರಿ ಎಬ್ಬಿಸ್ತದಾ?" ಹಗಲು ಕೆಲಸ ಮಾಡುವಾಗ ಬರುವ ನೋವು ಅವರ ಕೈಯಲ್ಲಿ ಗುಣವಾಗುವಂಥದ್ದು. ಮಲಗಿ ವಿಶ್ರಾಂತಿ ಪಡೆಯುವಾಗ ಬಂದು ಎಬ್ಬಿಸುವ ನೋವಿಗೆ ಮೊದಲು ಫೋಟೋ ತೆಗೆಸಬೇಕು. ಅವರ ಬಾಯಲ್ಲಿ ಎಕ್ಸ್‌ರೇ, ಸ್ಕ್ಯಾನು ಎಲ್ಲವೂ ಫೋಟೋ.

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿದರು. ತೊಡೆಯ ನೋವು ತಿಂಗಳಾದರೂ ಇಳಿಯಲಿಲ್ಲ. ಸ್ನಾಯು ಹಿಡಿದಿದೆ, ಶೇಕ್ ಕೊಡಿಸಿ ಎಂದರು ಎಲ್ಲರೂ. ನಾನು ಹೆಮ್ಮೆಯಿಂದ ಅಕ್ಕನ ಹತ್ತಿರ ಕರೆದುಕೊಂಡು ಹೋದೆ. ಅತ್ತೆ ಮಲಗಿದರು. ಅಂದು ಜನ ಬಹಳ, ಅಕ್ಕ ಜೆಲ್ ಹಚ್ಚುತ್ತಲೇ ಪ್ರಶ್ನೆ ಕೇಳಿದರು.

"ಎಬ್ಬಿಸುತ್ತಮ್ಮ. ಮಗ್ಗುಲಾದ್ರೂ ಹೋಗಲ್ಲ. ಬಿದ್ದೆನಲ್ಲ, ಅದಕ್ಕೇ" ಎಂದರು ಅತ್ತೆ.

ಅಕ್ಕನ ಎಡಗೈ ತೊಡೆಯ ಮೇಲೆ ಮೆಲ್ಲಗೆ ಹುಡುಕಾಡಿ ಒಂದು ಕಡೆ ನಿಂತಿತು. ಬಲಗೈ ಯಂತ್ರದ ಹಿಡಿಯನ್ನು ಅದರ ಗೂಡಿಗೆ ವಾಪಸು ಇಟ್ಟಿತು. ಹಚ್ಚಿದ ಜೆಲ್ಲನ್ನು ಟವೆಲಿನಿಂದ ಒರೆಸಿ, "ಇವತ್ತು ಬೇಡ ಅಮ್ಮ. ಮೊದಲು ಒಂದು ಫೋಟೋ" ಎಂದರು. ಹೊರಗೆ ಬಂದು ನನ್ನ ಕಿವಿಯಲ್ಲಿ, "ಗಡ್ಡೆಯ ಹಾಗೆ ತಾಗ್ತದೆ. ಅದರ ಮೇಲೆ ಇದನ್ನು ಇಡ್ಲೇಬಾರದು. ನಾವು ಯಾವುದಕ್ಕೆ ಬಲ ಕೊಡ್ತೇವೆ ಅಂತ ಗೊತ್ತಿರಬೇಕಲ್ಲ? ನಾಳೆಯೇ ಹೋಗಿ" ಎಂದರು.

ರಿಕ್ಷಾದಲ್ಲಿ ಅತ್ತೆಯ ಸಿಟ್ಟು ನೋಡಬೇಕಿತ್ತು. "ಏನು ಹೊಗಳಿದ್ದೇ ಹೊಗಳಿದ್ದು! ಮಿಷಿನ್ನೇ ಹಾಕದೆ ಎಬ್ಬಿಸಿ ಕಳಿಸಿದಳಲ್ಲ. ಜಂಭ ಕಣೇ, ಬರೀ ಜಂಭ."

ಮಾಂಸಖಂಡದೊಳಗೆ ಕ್ಯಾನ್ಸರ್ ಗಡ್ಡೆ ಇತ್ತು. ಬೇಗ ಸಿಕ್ಕಿತೆಂದು ಠಾಣೆಯ ಡಾಕ್ಟರು ಹೇಳಿದರು. ಆಪರೇಷನ್ನು, ರೇಡಿಯೇಷನ್ನು ಎಲ್ಲ ಆಗಿ, ಅತ್ತೆ ಒಂಚೂರು ಕುಂಟುತ್ತಾ ಮನೆಗೆ ಬಂದರು. ಆಮೇಲೆ ನಡೆಯಲು ಕಲಿಸಿದವರೂ ಅಕ್ಕನೇ. ಅತ್ತೆಯ ಬಾಯಲ್ಲಿ ಅವರು ಡಾಕ್ಟರಮ್ಮ ಹೋಗಿ ನೀನು ಆದರು. ಪ್ರತಿ ಸಂಕ್ರಾಂತಿಗೂ ಎಳ್ಳುಬೆಲ್ಲದ ಡಬ್ಬಿಗಳಲ್ಲಿ ದೊಡ್ಡದು ಅಕ್ಕನ ಮನೆಗೆ, ಸೊಸೆಯ ತವರಿನವರಿಗೆ ಉಳಿದದ್ದು. ನಾನು ರೇಗಿಸುತ್ತಿದ್ದೆ, ಅತ್ತೆ ಜಗ್ಗುತ್ತಿರಲಿಲ್ಲ.

ಹೀಗೆ ವರ್ಷಗಳು ಹೋದವು. ಒಂದು ಸಂಕ್ರಾಂತಿಗೆ ನಾನೂ ಅತ್ತೆಯೂ ಡಬ್ಬಿ ಹಿಡಿದು ಕ್ಲಿನಿಕ್ಕಿಗೆ ಹೋದಾಗ, ಪೇಷೆಂಟಿನ ಮಂಚದ ಮೇಲೆ ಅಕ್ಕನೇ ಮಗ್ಗುಲಾಗಿ ಮಲಗಿದ್ದರು. ಅವರ ಗಂಡ ಹೋಟೆಲಿನ ಬಿಳಿ ಅಂಗಿಯಲ್ಲೇ ಪಕ್ಕದಲ್ಲಿ ಕೂತು, ಹೆಂಡತಿಯ ಬಲಭುಜದ ಹಿಂದೆ ಬಿಲ್ಲೆ ಆಡಿಸುತ್ತಿದ್ದರು. "ನಿಲ್ಲಿಸ್ಬೇಡಿ, ನಿಲ್ಲಿಸ್ಬೇಡಿ, ಸುಡ್ತದೆ" ಎಂದು ಅಕ್ಕ ಮಲಗಿದಲ್ಲಿಂದಲೇ ಪಾಠ ಹೇಳುತ್ತಿದ್ದರು. ನಮ್ಮನ್ನು ನೋಡಿ ನಾಚಿ ಎದ್ದು ಕೂತರು.

"ಎಷ್ಟು ವರ್ಷದಿಂದ ತಿರುಗಿಸಿದ ಕೈ ಅಮ್ಮ, ನೋಯದೆ ಇರ್ತದಾ? ನಮ್ಮ ಕಸುಬಿನವರಿಗೆಲ್ಲ ಇದ್ದದ್ದೇ" ಎಂದರು.

ಅತ್ತೆ ಡಬ್ಬಿ ಕೆಳಗಿಟ್ಟರು. "ನೋವು ರಾತ್ರಿ ಎಬ್ಬಿಸುತ್ತೇನೇ?"

ಅಕ್ಕ ಗಂಡನ ಮುಖ ನೋಡಿದರು, ಗಂಡ ಅಕ್ಕನ ಮುಖ ನೋಡಿದರು. ಆಮೇಲೆ ಅಕ್ಕ ಜೋರಾಗಿ ನಕ್ಕುಬಿಟ್ಟರು. "ನನಗೇ ಕೇಳ್ತೀರಾ! ಹಗಲೆಲ್ಲ ದುಡಿದ ಕೈ ರಾತ್ರಿ ಸ್ವಲ್ಪ ಮಾತಾಡ್ತದೆ, ಅಷ್ಟೆ."

"ನಾನೂ ಬಚ್ಚಲಲ್ಲಿ ಬಿದ್ದೆ, ಅದಕ್ಕೇ ಅಂತಲೇ ನಿನಗೆ ಹೇಳಿದ್ದು. ನೀನು ಕೇಳಿದೆಯಾ? ಒರೆಸಿ ಕಳಿಸಲಿಲ್ವಾ? ಫೋಟೋ ತೆಗೆಸು."

"ತೆಗೆಸ್ತೇನೆ ಅಮ್ಮ. ಮಗನ ಹನ್ನೆರಡನೇ ಕ್ಲಾಸಿನ ಪರೀಕ್ಷೆ ಒಂದು ಮುಗಿಲಿ."

ಪರೀಕ್ಷೆ ಮುಗಿಯಿತು. ಆಮೇಲೆ ರಜೆಯ ಪೇಷೆಂಟುಗಳು, ಆಮೇಲೆ ಊರಿನಲ್ಲೊಂದು ಮದುವೆ. ಅತ್ತೆ ವಾರಕ್ಕೊಮ್ಮೆ ಫೋನಿನಲ್ಲಿ "ಹೋದೆಯಾ?" ಎನ್ನುವುದು, ಅಕ್ಕ "ಹೋಗ್ತೇನೆ, ಹೋಗ್ತೇನೆ" ಎನ್ನುವುದು. ಸಂಜೆ ಗಂಡ ಬಂದು ಭುಜಕ್ಕೆ ಬಿಲ್ಲೆ ಆಡಿಸುವುದು ನಡೆದೇ ಇತ್ತು. ಕೊಂಚ ಹಾಯೆನಿಸುತ್ತಿತ್ತಂತೆ. ಆ ಹಾಯೇ ಅವರಿಗೆ ಮೋಸ ಮಾಡಿತು. ಮಳೆ ಹಿಡಿಯುವ ಹೊತ್ತಿಗೆ ಕಿರುಬೆರಳು ಜೋಮು ಹಿಡಿಯಿತು, ಒಂದು ದಿನ ಪೇಷೆಂಟಿನ ಮೊಣಕಾಲಿನ ಮೇಲೆ ಯಂತ್ರದ ಹಿಡಿ ಕೈಯಿಂದ ಜಾರಿ ಬಿತ್ತು. ಆಗ ಹೋದರು.

ಭುಜದಲ್ಲಿ ಏನೂ ಇರಲಿಲ್ಲ. ಶ್ವಾಸಕೋಶದ ತೀರಾ ತುದಿಯಲ್ಲಿ, ಭುಜದ ಬುಡಕ್ಕೆ ತಾಗಿದಂತೆ ಕೂತಿದ್ದ ಗಡ್ಡೆ ಕೈಗೆ ಹೋಗುವ ನರಗಳನ್ನು ಒತ್ತುತ್ತಿತ್ತು. ಅದು ಭುಜದ ನೋವಿನ ವೇಷ ಹಾಕಿಕೊಂಡೇ ಬರುತ್ತದಂತೆ. ಬೆನ್ನುಮೂಳೆಗೂ ಹರಡಿತ್ತು. ಆರು ತಿಂಗಳು ಮೊದಲು ಬಂದಿದ್ದರೆ ಏನಾದರೂ ಮಾಡಬಹುದಿತ್ತು ಎಂದು ಡಾಕ್ಟರು ಹೇಳಿದರು. ಆ ಮಾತನ್ನು ಅವರು ಹೇಳದಿದ್ದರೆ ಚೆನ್ನಾಗಿತ್ತು.

ನನಗೆ ಅಕ್ಕನ ಮೇಲೆ ವಿಪರೀತ ಸಿಟ್ಟು ಬಂತು. ದಾರಿಹೋಕರಿಗೆಲ್ಲ ಕೇಳುವ ಪ್ರಶ್ನೆಯನ್ನು ತನಗೆ ತಾನು ಕೇಳಿಕೊಳ್ಳಲು ಏನಾಗಿತ್ತು? ಅತ್ತೆ ಕೇಳಿದಾಗಲಾದರೂ ಕೇಳಬಾರದಿತ್ತೇ? ನಮಗೆಲ್ಲ ಅಷ್ಟು ಹೆದರಿಸಿ, ಗದರಿಸಿ ಕಳಿಸಿದವರು ತಮ್ಮ ಮೈಯನ್ನು ಮಾತ್ರ ಹೀಗೆ ಬಿಟ್ಟುಕೊಟ್ಟರಲ್ಲ ಎಂದು ಲೋಕಲ್ಲಿನ ಲೇಡೀಸ್ ಡಬ್ಬಿಯಲ್ಲಿ ನಿಂತು ಅತ್ತಿದ್ದೇನೆ. ಅಕ್ಕಪಕ್ಕದವರು ಜಾಗ ಬಿಟ್ಟು ಕೂರಿಸಿದರು. ಆ ಸಿಟ್ಟು ಇಂದಿಗೂ ಪೂರ್ತಿ ಹೋಗಿಲ್ಲ.

ನವಿ ಮುಂಬಯಿಯ ಆಸ್ಪತ್ರೆಗೆ ಸೇರಿಸಿದ ಮೇಲೆ ನಾನು ರಬಾಳೆಯಿಂದ ಆಫೀಸು ಮುಗಿಸಿ ಆಗಾಗ ಹೋಗುತ್ತಿದ್ದೆ. ಮೈ ಸೊರಗಿ ಹೋಗಿತ್ತು. ಬಲಗೈ ಹಾಸಿಗೆಯ ಮೇಲೆ ಸುಮ್ಮನೆ ಬಿದ್ದಿರುತ್ತಿತ್ತು, ಎಡಗೈಯಿಂದ ಅದನ್ನು ಎತ್ತಿ ಜಾಗ ಬದಲಿಸುವರು. ಒಂದು ಸಂಜೆ ನನ್ನ ಮುಖ ನೋಡಿ, "ಸಿಟ್ಟು ಉಂಟಲ್ಲ?" ಎಂದರು.

"ಇಲ್ಲ" ಎಂದೆ.

"ಪುನಃ ನಿಮ್ಮ ಮೈಸೂರು ಮರ್ಯಾದೆ." ನಗಲು ನೋಡಿದರು, ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ, "ಗೊತ್ತಿದ್ದೂ ಸುಮ್ಮನಿದ್ದೆ ಅಂತ ತಿಳ್ಕೊಳ್ಬೇಡಿ. ನನಗೆ ಗೊತ್ತಿರ್ಲಿಲ್ಲ ಮಾರಾಯ್ತಿ. ನನ್ನದೇ ಕೈ, ಅದರ ನೋವು ನನಗೆ ಗೊತ್ತಿಲ್ವಾ ಅಂತ ಅಂದ್ಕೊಂಡೆ" ಎಂದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಇವರು ಊಟ ಬಿಟ್ಟಿದ್ದಾರೆ. ನಾನೇ ಅಲ್ವಾ ದಿನಾ ಆ ಮಿಷಿನ್ ಇಟ್ಟದ್ದು ಅಂತ ಕೊರಗ್ತಾರೆ. ಅದರಿಂದ ಬಂದದ್ದಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ. ನಾನು ಹೇಳಿದ್ರೆ ಸಮಾಧಾನಕ್ಕೆ ಅಂತ ತಿಳ್ಕೊಳ್ತಾರೆ. ನೀವು ಹೇಳಿ. ನಾನು ಹೋದ ಮೇಲೂ ಹೇಳ್ತಾ ಇರಿ."

ಆ ಕೆಲಸ ನಾನು ಇವತ್ತಿಗೂ ಮಾಡುತ್ತಿದ್ದೇನೆ. ಕಲ್ಯಾಣಕ್ಕೆ ಹೋದಾಗಲೆಲ್ಲ ಅದೇ ಮಾತು. ಅವರು ತಲೆಯಾಡಿಸಿ ಕಾಫಿ ತರಿಸುತ್ತಾರೆ. ನಂಬಿದ್ದಾರೋ ಇಲ್ಲವೋ ತಿಳಿಯದು.

ದೀಪಾವಳಿ ಕಳೆದ ಸ್ವಲ್ಪ ದಿನಕ್ಕೆ ಅಕ್ಕ ಹೋದರು. ಐವತ್ತು ತುಂಬಿರಲಿಲ್ಲ. ಕಲ್ಯಾಣದ ಮನೆಯಿಂದ ಅವರನ್ನು ಎತ್ತಿದ ಮೇಲೆ ನಾನೂ ಅತ್ತೆಯೂ ಡೊಂಬಿವಲಿಗೆ ಮರಳಿದೆವು. ಅತ್ತೆ ಮನೆಗೆ ಬಂದು ತಲೆಗೆ ನೀರು ಹುಯ್ದುಕೊಂಡು, ದೇವರ ಗೂಡಿನ ಬಾಗಿಲು ಮುಚ್ಚಿದರು. ಮಾರನೆಯ ಬೆಳಿಗ್ಗೆಯೂ ತೆರೆಯಲಿಲ್ಲ. ಜ್ವರ ಬಂದಾಗಲೂ ದೀಪ ತಪ್ಪಿಸದವರು.

"ಯಾಕತ್ತೆ?" ಎಂದೆ.

"ಸೂತಕ ಕಣೇ. ಮದುವೆಯಾದ ಮಗಳು ಹೋದರೆ ತಾಯಿಗೆ ಮೂರು ದಿನ."

ಶಾಸ್ತ್ರ, ಕುಲ, ಗೋತ್ರ ಎಲ್ಲ ಅತ್ತೆಗೆ ನಮಗಿಂತ ಚೆನ್ನಾಗಿ ಗೊತ್ತು. ಅಕ್ಕ ನಮ್ಮ ಜಾತಿಯವರಲ್ಲ, ನಮ್ಮ ಊರಿನವರಲ್ಲ, ಅವರ ಮನೆಮಾತು ತುಳು. ಇದೆಲ್ಲ ತಿಳಿದೇ ಅತ್ತೆ ಹಿಂದಿನ ಕೋಣೆಯ ಚಾಪೆಯ ಮೇಲೆ ಹೋಗಿ ಕೂತರು.

ಎರಡನೆಯ ದಿನ ಎದುರು ಫ್ಲ್ಯಾಟಿನ ಮರಾಠಿ ಹೆಂಗಸು ದೇವರ ಪ್ರಸಾದ ಹಿಡಿದು ಬಂದರು. ಅತ್ತೆ ಬಾಗಿಲಲ್ಲೇ ಕೈ ಅಡ್ಡ ಮಾಡಿದರು. ಆಕೆಗೆ ಅರ್ಥವಾಗಿ, "ಕೋಣ ಗೇಲಂ ಆಜೀ?" ಎಂದು, ಯಾರು ಹೋದರೆಂದು ಮೆಲ್ಲಗೆ ಕೇಳಿದರು. ಅತ್ತೆಗಿರುವುದು ಒಬ್ಬನೇ ಮಗ ಎಂಬುದು ಆಕೆಗೂ ಗೊತ್ತು, ಇಡೀ ಬಿಲ್ಡಿಂಗಿಗೂ ಗೊತ್ತು. ಇಷ್ಟು ವರ್ಷವಾದರೂ ಮರಾಠಿ ಕಲಿಯದ ಅತ್ತೆ ತಡಕಾಡಿ ಪದ ಹುಡುಕಿದರು.

"ಮಾಝೀ ಮುಲ್ಗೀ," ಎಂದರು. ಆಕೆ ಕಣ್ಣರಳಿಸಿದ್ದು ಕಂಡು, ತಾನು ತಪ್ಪು ಹೇಳಿದೆನೇನೋ ಎಂದು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದರು. "ನನ್ನ ಮಗಳು."